ಒಂಬತ್ತು ಸುತ್ತು

"ಗನಿ ಸತ್ತ ಅಂತ ಊರಿಗೆ ಹೇಳೋಕೂ ಗನಿಯೇ ಬೇಕಾಯ್ತು ನೋಡು," ಅಂದಳು ಮುನ್ನಿ. ತಮ್ಮನ ವರ್ಕ್‌ಶಾಪಿನಿಂದ ಸ್ಪೀಕರ್ ಪೆಟ್ಟಿಗೆಗಳನ್ನು ಹೊರಗೆ ಸಾಗಿಸುತ್ತಿದ್ದವರಿಗೆ ದಾರಿ ಬಿಟ್ಟು ಬಾಗಿಲ ಬದಿಗೆ ನಿಂತಿದ್ದಳು. "ಬೆಳಿಗ್ಗೆ ಮಸೀದಿ ಮೈಕು 'ಅಬ್ದುಲ್ ಗನಿ ಸಾಹೇಬರು' ಅಂದಿದ್ದೇ ಗೊರ್ ಅಂತ ನಿಂತೋಯ್ತು. ನಮ್ಮ ಆಚೆಮನೆಯವಳು ಎಂತ ತಿಳ್ಕೊಂಡ್ಳು ಗೊತ್ತ? ಮೈಕ್ ಕೆಟ್ಟಿದೆ, ಗನಿ ಸಾಹೇಬ್ರನ್ನ ರಿಪೇರಿಗೆ ಕರೀತಿದ್ದಾರೆ ಅಂತ!"

ಪೆಟ್ಟಿಗೆ ಹೊತ್ತಿದ್ದ ಇಬ್ಬರು ನಕ್ಕು, ನಕ್ಕಿದ್ದಕ್ಕೆ ನಾಚಿ ತಲೆ ತಗ್ಗಿಸಿದರು. ಮುನ್ನಿಯೂ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಅದೇ ಸೆರಗು ಕಣ್ಣಿಗೆ ಹೋಯಿತು.

ಮಯ್ಯತ್ತಿಗೆ, ಅಂದರೆ ಗನಿಯ ಹೆಣಕ್ಕೆ, ಸ್ನಾನ ಮಾಡಿಸಲು ಮನೆಯಲ್ಲಿ ನೀರು ಹರಿದುಹೋಗುವ ಜಾಗ ಆ ವರ್ಕ್‌ಶಾಪೊಂದೇ. ಸಿರಸಿಯ ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಆ ಓಣಿಯಲ್ಲಿ 'ಗನಿ ಸೌಂಡ್ಸ್' ಎಂಬ ಬೋರ್ಡಿನ ಕೆಳಗೆ ಐವತ್ತು ವರ್ಷ ರೇಡಿಯೋ ಬಿಚ್ಚಿದ, ಮೈಕು ಜೋಡಿಸಿದ, ನಾಟಕಗಳ ದೀಪಗಳಿಗೆ ಬಣ್ಣದ ಕಾಗದ ಕತ್ತರಿಸಿದ ಮೇಜನ್ನು ಈಗ ನಾಲ್ಕು ಜನ ಎತ್ತುತ್ತಿದ್ದರು. ಮೇಜು ವಾಲಿದಾಗ ಡ್ರಾಯರು ತಾನಾಗಿ ಜಾರಿತು. ಸ್ಕ್ರೂಗಳು, ಫ್ಯೂಸುಗಳು, ಬೆಸುಗೆಯ ತಂತಿ, ಒಂದು ನಶ್ಯದ ಡಬ್ಬಿ.

ಜಾವೇದ್ ಬೇರೇನನ್ನೂ ಮುಟ್ಟಲಿಲ್ಲ. ಡಬ್ಬಿಯನ್ನು ಎತ್ತಿ ಜುಬ್ಬದ ಕಿಸೆಗೆ ಹಾಕಿಕೊಂಡ.

"ನಶ್ಯ ಯಾವಾಗ ಶುರು ಮಾಡಿದ್ಯೋ ನೀನು?" ಎಂದಳು ಮುನ್ನಿ.

"ಇಲ್ಲ ಅತ್ತೆ. ಅಬ್ಬಾದು."

"ಅವನೆಲ್ಲಿ ಸೇದ್ತಿದ್ದ? ಸೀನು ಬಂದ್ರೆ ಮೈಕಲ್ಲಿ ಕೇಳ್ತದೆ ಅಂತ ಹೆದರೋನು."

ಒಳಕೋಣೆಯಿಂದ ಖತೀಜಾ ಕೂಗಿದಳು. ಬೆಳಗಿನಿಂದ ಆಕೆ ಆಡಿದ ಮೊದಲ ಮಾತು ಅದು. "ಜಾವೇದ್, ಹುಲಗೋಳಕ್ಕೆ ಫೋನು ಹೋಯ್ತಾ?"

"ಹೋಗಿದೆ ಅಮ್ಮಿ. ಬೈರಣ್ಣ, ಹೊನ್ನಕ್ಕ ಇಬ್ರೂ ಹೊರಟಿದ್ದಾರೆ."

"ಬರದೆ ಇರ್ತಾರಾ?" ಎಂದಳು ಮುನ್ನಿ. "ದೀಪಾವಳಿಗೆ ಇವನು ಅಲ್ಲಿ, ರಂಜಾನಿಗೆ ಅವರು ಇಲ್ಲಿ. ಇಪ್ಪತ್ತಾರು ವರ್ಷದಲ್ಲಿ ಒಂದು ಸಲ ತಪ್ಪಿಲ್ಲ. ಅವರ ಮಗ ಸತ್ತ ಮೇಲೆ ಆ ಮನೆಯನ್ನ ಹೀಗೆ ಹಿಡ್ಕೊಂಡವ್ರು ಯಾರಿದ್ದಾರೆ ಹೇಳು?"

ಖತೀಜಾ ಮಗನನ್ನೇ ನೋಡುತ್ತಿದ್ದಳು. ಜಾವೇದ್ ಗಡಿಯಾರ ನೋಡಿದ. ಹತ್ತೂಕಾಲು. ಮಧ್ಯಾಹ್ನದ ಜೋಹರ್ ನಮಾಜು ಮುಗಿದ ಕೂಡಲೇ ಜನಾಜಾ ನಮಾಜು ಎಂದು ಮಸೀದಿಯ ಗುರುಗಳು ಹೇಳಿಹೋಗಿದ್ದರು. ಎರಡು ಗಂಟೆಗೆಲ್ಲ ಮಣ್ಣು. ಅಷ್ಟರೊಳಗೆ ಅವನು ಬೈರಣ್ಣನಿಗೆ ಒಂದು ಮಾತು ಹೇಳಬೇಕಿತ್ತು.

*

ಮೂರು ದಿನದ ಹಿಂದೆ, ಗನಿಯ ಉಸಿರು ಹೆಜ್ಜೆ ಎಣಿಸಿಕೊಂಡು ಬರುತ್ತಿದ್ದ ಹೊತ್ತಿನಲ್ಲಿ, ಆತ ಮಗನಿಂದ ಡ್ರಾಯರು ತೆಗೆಸಿ ಆ ಡಬ್ಬಿ ತರಿಸಿದ್ದ. ಒಳಗೆ ಇದ್ದದ್ದು ಹಪ್ಪಳದಷ್ಟು ತೆಳ್ಳಗಿನ, ಅಂಗೈಯಗಲದ ಹಸಿರು ಕಾಗದದ ಬಿಲ್ಲೆ. ನಾಲ್ಕು ಮಡಿಕೆ. ಬಿಡಿಸಿದರೆ ಅಂಚು ಮಾತ್ರ ಹಸಿರು. ನಡುವೆ ಕಂದಿ, ಸುಟ್ಟು, ಎಂಟಾಣೆಯಷ್ಟು ತೂತು.

"ಇದು ಜಿಲೆಟಿನ್," ಎಂದಿದ್ದ ಗನಿ. "ನಾಟಕದ ಲೈಟಿಗೆ ಹಾಕೋದು."

"ಗೊತ್ತು ಅಬ್ಬಾ."

"ಇದನ್ನ ವಿಮಾನಕ್ಕೆ ಹಿಡಿಯೋ ದೀಪಕ್ಕೆ ಹಾಕಿದ್ದೆ."

ಆಮೇಲೆ ಅರ್ಧ ಗಂಟೆ ಹಿಡಿಯಿತು, ನಿಂತು ನಿಂತು ಹೇಳುವುದಕ್ಕೆ. ಖತೀಜಾ ಗೋಡೆಗೆ ಒರಗಿ ಕೂತಿದ್ದಳು. ಆಕೆಗೆ ಅದು ಹೊಸದಾಗಿರಲಿಲ್ಲ ಎಂದು ಆಕೆಯ ಮುಖ ನೋಡಿದಾಗ ಜಾವೇದನಿಗೆ ಗೊತ್ತಾಯಿತು.

"ನಂಗೆ ಹೇಳೋಕೆ ಆಗ್ಲಿಲ್ಲ," ಎಂದ ಗನಿ ಕೊನೆಗೆ. "ಪ್ರತಿ ದೀಪಾವಳಿ ಹೇಳ್ತೇನೆ ಅಂತಲೇ ಹೋದೆ. ನೀನು ಹೇಳು. ಮಣ್ಣು ಹಾಕೋದ್ರೊಳಗೆ ಬೈರಣ್ಣನ ಹತ್ರ ಮಾಫಿ ಕೇಳು. ಎಲ್ಲರಿಗೂ ಕೇಳ್ತಾರಲ್ಲ ಹಾಗಲ್ಲ. ಏನು ತಪ್ಪು ಅಂತ ಹೇಳಿ ಕೇಳು."

"ಅವರು ಕೊಡದಿದ್ರೆ?"

ಗನಿ ಬಿಲ್ಲೆಯನ್ನು ಹಳೆಯ ಮಡಿಕೆಗಳಲ್ಲೇ ಮಡಚಿ ಡಬ್ಬಿಗೆ ಹಾಕಿ, ಡ್ರಾಯರಿನಲ್ಲೇ ಇಡು ಎಂದು ಸನ್ನೆ ಮಾಡಿದ. "ಕೊಡದಿದ್ರೆ ಕೊಡ್ಲಿಲ್ಲ," ಎಂದ.

*

ಹನ್ನೊಂದೂವರೆಗೆ ಅಂಗಳದ ಶಾಮಿಯಾನದ ಕೆಳಗೆ ಜನ ತುಂಬಿದ್ದರು. ಏಪ್ರಿಲ್ಲಿನ ಬಿಸಿಲು. ಶಾಮಿಯಾನ, ಕುರ್ಚಿ ಎಲ್ಲ ಗನಿಯ ಅಂಗಡಿಯವೇ. ಹಾವೇರಿಯಿಂದ ಬಂದಿದ್ದ ಸಂಗಯ್ಯ ನಡುವಿನ ಕುರ್ಚಿ ಹಿಡಿದಿದ್ದ. ಮುಂಡಗೋಡ ದಾಟಿದರೆ ಸಿಗುವ ಬಯಲುಸೀಮೆಯಲ್ಲಿ ಆಗ ಒಂದು ಸಣ್ಣ ವಿಮಾನದ ಕ್ಲಬ್ಬಿತ್ತು. ಎರಡು ಸೀಟಿನ ಮೂರು ವಿಮಾನ, ಹುಲ್ಲು ಬೆಳೆದ ಒಂದು ಓಡುದಾರಿ, ನೀರಿನ ಟಾಕಿಯಂಥ ಒಂದು ಟವರು. ಅಲ್ಲಿ ಗನಿ, ಸಿರಸಿಯ ಅಂಗಡಿಯನ್ನು ವಾರದ ಕೊನೆಗಷ್ಟೇ ತೆರೆಯುತ್ತ, ಕೆಲವು ವರ್ಷ ರೇಡಿಯೋ ಮೆಕ್ಯಾನಿಕ್ಕು, ಸಂಗಯ್ಯ ಬೆಂಕಿ ಆರಿಸುವ ಜೀಪಿನ ಡ್ರೈವರು. ಕ್ಲಬ್ಬು ಮುಚ್ಚಿ ಯಾವ ಕಾಲವಾಯಿತೋ, ಸಂಗಯ್ಯನ ಬಾಯಲ್ಲಿ ಮಾತ್ರ ಇನ್ನೂ ವಿಮಾನಗಳು ಹಾರುತ್ತಿದ್ದವು.

"ರೇಡಿಯೋ ಬಂದ್ ಆತಂದ್ರ ಏನ್ ಮಾಡಬೇಕು ಅಂತ ಆ ಹುಡುಗೂರಿಗೆ ಕಲಸಾಂವ ಗನಿಭಾಯಿನ ರೀ," ಎನ್ನುತ್ತಿದ್ದ. "ಕ್ಯಾಪ್ಟನ್ನು ಇಂಗ್ಲಿಷಿನ್ಯಾಗ ಒದರಿ ಹೋಗಾಂವ. ಹುಡುಗೂರು ಇವನ ಕಡೆ ಬರೂವು. ಇಂವ ಏನಂತಿದ್ದ ಗೊತ್ತೇನ್ರಿ? ಮೊದಲ ಹೆದರಬ್ಯಾಡ. ವಾಲ್ಯೂಮ್ ನೋಡು. ಕಿವಿಯಾಗಿನ ವಾಯರು ಗಟ್ಟಿ ಕುಂತೈತೇನು ನೋಡು. ಫ್ಯೂಸ್ ನೋಡು. ಅದೂ ಆಗಲಿಲ್ಲ, ಸುಮ್ಮನ ಮಾತಾಡಕೋತ ಇರು. ನಿನಗ ಕೇಳದಿದ್ರೂ ನಮಗ ಕೇಳತಿರಬಹುದು. ಆಮ್ಯಾಲೆ ಟವರಿನ ಮ್ಯಾಗ ಬಂದು ಸುತ್ತು ಹೊಡಿ, ನನ್ನ ಕೈಯಾಗಿನ ದೀಪ ನೋಡು."

"ಎಂಥ ದೀಪ?" ಎಂದು ಯಾರೋ ಕೇಳಿದರು.

"ಬಂದೂಕಿನಂಗ ಇರತೈತ್ರಿ. ಗುರಿ ಇಟ್ಟು ಹಿಡಿಯೂದು. ಹಸರು ನಿಂತ್ರ ಇಳಿ. ಕೆಂಪು ನಿಂತ್ರ ಇನ್ನೂ ಸುತ್ತು. ಕೆಂಪು ಮಿಣಕ್ ಮಿಣಕ್ ಅಂದ್ರ ಇಲ್ಲಿ ಇಳೀಬ್ಯಾಡ. ದೀಪ ಕಂಡಿತು ಅಂತ ಮ್ಯಾಲಿನಾಂವ ಹೆಂಗ ಹೇಳಬೇಕು? ಬಾಯಿ ಇಲ್ಲ ಅಲ್ಲ? ರೆಕ್ಕಿ ಅಲ್ಲಾಡಿಸಬೇಕು, ಹಿಂಗ." ಸಂಗಯ್ಯ ಎರಡೂ ಕೈ ಚಾಚಿ ಆ ಕಡೆ ಈ ಕಡೆ ವಾಲಿದ. ಪಕ್ಕದವನ ಚಹಾ ಚೆಲ್ಲಿತು.

"ಇಳೀರಿ ಮಾರಾಯ್ರೆ, ಹಸಿರು ಕೊಟ್ಟಿದೆ," ಎಂದ ಚಹಾದವನು.

ನಗು ಎದ್ದಿತು. ಅದೇ ಹೊತ್ತಿಗೆ ಓಣಿಯ ತುದಿಯಲ್ಲಿ ಆಟೋ ನಿಂತು, ಹುಲಗೋಳದಿಂದ ಬಂದ ಬಿಳಿ ಅಂಗಿಯ ಬೈರ, ಹಿಂದೆ ಹೆಂಡತಿ ಹೊನ್ನಿ ಇಳಿದರು. ಸಂಗಯ್ಯನ ಚಾಚಿದ ಕೈ ಕೆಳಗಿಳಿಯಿತು. ಆತ ಎದ್ದು ನೇರ ಜಾವೇದನ ಹತ್ತಿರ ಬಂದು ಅವನನ್ನು ಜನರೇಟರಿನ ಹಿಂದೆ ಎಳೆದುಕೊಂಡು ಹೋದ.

"ನಿಮ್ಮಪ್ಪ ಫೋನ್ ಮಾಡಿದ್ದ ನನಗ, ಹ್ವಾದ ವಾರ. ಹೇಳಾಕಹತ್ತೀನಿ ಅಂದ. ನಿನಗ ಹೇಳ್ಯಾನೇನು?"

"ಹೇಳಿದ್ದಾರೆ."

"ಬ್ಯಾಡ ತಮ್ಮಾ." ಸಂಗಯ್ಯನ ದನಿಯಲ್ಲಿದ್ದ ಕತೆಗಾರ ಎಲ್ಲಿಯೋ ಹೋಗಿದ್ದ. "ಆ ದೀಪ ಪರೀಕ್ಷೆ ಮಾಡಿದಾಗ ಸರಿ ಇತ್ತು ಅಂತ ಬರದ ಕಾಗದಕ್ಕ ಇಬ್ಬರ ಸಹಿ ಐತಿ. ಒಂದು ನಿಮ್ಮಪ್ಪಂದು. ಸತ್ತಾಂವ ಹ್ವಾದ, ಇದ್ದಾಂವ ನಾ ಅದೀನಿ. ಆ ಮುದುಕಗ ಇಷ್ಟು ವರ್ಷಕ್ಕ ಗಾಯ ಮಾಯ್ದೈತಿ. ಮತ್ತ ಕೆದರಿ ಏನು ತಗೀತಿ?"

"ಅಬ್ಬಾ ಕೇಳು ಅಂದಿದ್ದಾರೆ."

"ಜನಾಜಾದ ಮುಂದ ಎಲ್ಲಾರಿಗೂ ಮಾಫ್ ಕೇಳತೀರಲ್ಲ? ಬೈರಣ್ಣನೂ ಅಲ್ಲೇ ಇರತಾನ, ಮಾಫ್ ಅಂತಾನ. ಮುಗೀತಲ್ಲ! ದೇವರಿಗೆ ಎಲ್ಲಾ ಗೊತ್ತೈತಿ, ಅಂವ ಹೊಂದಿಸ್ಕೋತಾನ."

ಬೆಳಗಿನಿಂದ ಜಾವೇದ್ ತನಗೆ ತಾನೇ ಹೇಳಿಕೊಳ್ಳುತ್ತಿದ್ದದ್ದೂ ಅದನ್ನೇ.

ಒಳಗೆ ಹೆಂಗಸರ ಕೋಣೆಯಲ್ಲಿ ಹೊನ್ನಿ ಖತೀಜಾಳ ಕೈಹಿಡಿದು ಕೂತಿದ್ದು ಕಿಟಕಿಯಿಂದ ಕಾಣುತ್ತಿತ್ತು. "ನಮ್ಮ ಕಿರಣ ಹೋದಾಗ ಹನ್ನೊಂದು ದಿನವೂ ಬಂದು ಜಗಲಿ ಮೇಲೆ ಕೂತಿದ್ರು ನಿಮ್ಮನೆಯವ್ರು," ಎನ್ನುತ್ತಿದ್ದಳು ಹೊನ್ನಿ. "ನಾ ಕೊಟ್ಟ ನೀರು ಸೈತ ಕುಡೀಲಿಲ್ಲ. ಅಷ್ಟು ಹಚ್ಚಿಕೊಂಡಿದ್ರು ಹುಡುಗನ್ನ."

ಖತೀಜಾ ಕಿಟಕಿಯ ಕಡೆ ತಿರುಗಿದಳು. ಮಗ ಕಣ್ಣು ತಪ್ಪಿಸಿದ.

*

ಕಿರಣ ಸತ್ತ ಆ ಮೇ ತಿಂಗಳಿಗೆ ಎರಡು ತಿಂಗಳ ಹಿಂದೆ ದೀಪದ ಹಸಿರು ಗಾಜು ಒಡೆದಿತ್ತು. ಬೇರೆ ಗಾಜಿಗೆ ಗನಿ ಮೂರು ಸಲ ಕಾಗದ ಬರೆದ. ಉತ್ತರ ಬರಲಿಲ್ಲ. ನಾಟಕದ ದೀಪಗಳಿಗೆ ಹತ್ತು ಬಣ್ಣ ಹಚ್ಚಿದವನಿಗೆ ಒಂದು ಹಸಿರು ಹಚ್ಚುವುದು ಎಷ್ಟರ ಕೆಲಸ? ಸಿರಸಿಯಿಂದ ಜಿಲೆಟಿನ್ ಹಾಳೆ ಒಯ್ದು, ದುಂಡಗೆ ಕತ್ತರಿಸಿ, ಗಾಜಿನ ಜಾಗದಲ್ಲಿ ಕೂರಿಸಿದ. ಟವರಿನ ಸುಣ್ಣದ ಗೋಡೆಗೆ ಹಿಡಿದು ನೋಡಿದರೆ ಎಲೆಯಂಥ ಹಸಿರು ಬಿತ್ತು. ಕ್ಯಾಪ್ಟನ್ "ವೆರಿ ಗುಡ್" ಎಂದು ಬೆನ್ನು ತಟ್ಟಿದ. ನಾಟಕದಲ್ಲಿ ಹಾಳೆಯನ್ನು ಎರಡು ಆಟಕ್ಕೊಮ್ಮೆ ಬದಲಿಸುತ್ತಾರೆ, ಬಲ್ಬಿನ ಕಾವಿಗೆ ಅದು ಕಂದುತ್ತದೆ ಎನ್ನುವುದು ಗನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಈ ದೀಪ ವಾರಕ್ಕೊಮ್ಮೆ ಪರೀಕ್ಷೆಗೆಂದು ಹತ್ತುವುದು, ಅದಕ್ಕೇನಾಗುತ್ತದೆ ಎಂದುಕೊಂಡಿದ್ದ.

ಕಿರಣ ಅವನಿಗೆ ಊರ ಹುಡುಗ. ಹುಲಗೋಳದ ಗದ್ದೆಯಿಂದ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ವಿಮಾನ ಕಲಿಯಲು ಬಂದವನು. ಶನಿವಾರ ಇಬ್ಬರೂ ಒಂದೇ ಬಸ್ಸಿಗೆ ಮನೆಗೆ ಹೋಗುತ್ತಿದ್ದರು. ಬಸ್ಸಿನಲ್ಲಿ ಗನಿ ಪಾಠ ಕೇಳುತ್ತಿದ್ದ. "ಹಸಿರು?" "ಇಳೀಬೇಕು." "ಹಸಿರು ಕಾಣ್ಲಿಲ್ಲ?" "ಇಳೀಬಾರ್ದು ಗನಿಯಣ್ಣ." "ಗೊತ್ತಾಗ್ಲಿಲ್ಲ, ಅನುಮಾನ?" "ಇಳೀಬಾರ್ದು." "ಶಾಭಾಸ್."

ಆ ದಿನ ಸಂಜೆ ನಾಲ್ಕಕ್ಕೆ ಕಿರಣ ಒಬ್ಬನೇ ಮೇಲಿದ್ದ. ಹಳೆಯ ರೇಡಿಯೋ ಸೆಟ್ಟು ನಡುವೆಯೇ ಸತ್ತಿತು. ಕಲಿಸಿದ್ದನ್ನೆಲ್ಲ ಹುಡುಗ ಸಾಲಾಗಿ ಮಾಡಿದ. ಟವರಿನ ಮೇಲಕ್ಕೆ ಬಂದ, ಎಡಕ್ಕೆ ತಿರುಗಿ ಸುತ್ತು ಹಿಡಿದ. ಗನಿ ಬಾಲ್ಕನಿಗೆ ಓಡಿ ದೀಪ ಎತ್ತಿ ಗುರಿ ಇಟ್ಟ. ಕಿರಣ ರೆಕ್ಕೆ ಆಡಿಸಿದ.

"ನೋಡಿದ!" ಎಂದು ಕ್ಯಾಪ್ಟನ್ ಕೂಗಿದ. "ಇನ್ನು ಇಳೀತಾನೆ."

ಇಳಿಯಲಿಲ್ಲ. ಎರಡನೇ ಸುತ್ತು. ಮತ್ತೆ ದೀಪ, ಮತ್ತೆ ರೆಕ್ಕೆ. ಮೂರು. ನಾಲ್ಕು. ಪಕ್ಕದಲ್ಲಿ ನಿಂತ ಸಂಗಯ್ಯನಿಗೆ ದೀಪದ ಅಂಚಿನಿಂದ ಹಸಿರೇ ಕಾಣುತ್ತಿತ್ತು. ಹಿಂದೆ ನಿಂತ ಗನಿಗೆ ಏನೂ ಕಾಣುತ್ತಿರಲಿಲ್ಲ. ಆ ದೀಪ ಎಂಥದೆಂದರೆ, ಯಾರಿಗೆ ಹಿಡಿದಿದೆಯೋ ಅವನೊಬ್ಬನಿಗೇ ಅದರ ನಿಜವಾದ ಬಣ್ಣ ಗೊತ್ತಾಗುವುದು. "ಕಂಡಿದೆ ಅಂತ ಹೇಳ್ತಿದಾನಲ್ಲ, ಮತ್ಯಾಕೆ ಇಳೀತಿಲ್ಲ ಈ ಕತ್ತೆ?" ಎಂದು ಕ್ಯಾಪ್ಟನ್ ಕೈ ಹಿಸುಕಿಕೊಂಡ. ನಿಮ್ಮ ದೀಪ ಕಾಣುತ್ತಿದೆ, ಬಣ್ಣ ಕಾಣುತ್ತಿಲ್ಲ ಎಂದು ಹೇಳಲು ರೆಕ್ಕೆಗೆ ಬೇರೆ ಭಾಷೆ ಇರಲಿಲ್ಲ.

ಒಂಬತ್ತನೇ ಸುತ್ತಿನ ಹೊತ್ತಿಗೆ ಪೂರ್ವದಿಂದ ಕಪ್ಪು ಮೋಡ ಬಂದು ಓಡುದಾರಿಯ ಮೇಲೆ ಕೂತಿತು. ಗಾಳಿಗೆ ಟವರಿನ ತಗಡು ಎದ್ದಿತು. ಕಿರಣ ಕೊನೆಯ ಸಲ ರೆಕ್ಕೆ ಆಡಿಸಿ, ಮೋಡದ ಅಂಚು ಹಿಡಿದು ಯಲ್ಲಾಪುರದ ಕಡೆ ತಿರುಗಿದ. ಆ ರಸ್ತೆ ಅವನಿಗೆ ಮೇಲಿನಿಂದಲೂ ಗೊತ್ತಿತ್ತು. ಮರುದಿನ ಬೆಳಿಗ್ಗೆ ಉಮ್ಮಚಗಿಯ ಆಚೆಯ ಕಾಡಿನಲ್ಲಿ, ವಿಮಾನದ ಚೂರುಗಳ ನಡುವೆ ಸಿಕ್ಕ.

ಕಿರಣ ತಿರುಗಿ ಹೋದ ಸಂಜೆಯೇ ಗನಿ ದೀಪ ಬಿಚ್ಚಿದ್ದ. ನಡುವೆ ತೂತು. ಎದುರಿಗೆ ಇದ್ದವನಿಗೆ ಕಂಡದ್ದು ಹಸಿರೂ ಅಲ್ಲದ, ಕೆಂಪೂ ಅಲ್ಲದ ಬರೀ ಬಲ್ಬಿನ ಹಳದಿ ಬೆಳಕು.

"ತಗಿ ಅದನ್ನ, ಬ್ಯಾರೇದು ಹಾಕು," ಎಂದಿದ್ದ ಸಂಗಯ್ಯ. ತನಿಖೆಯವರು ಬಂದಾಗ ದೀಪ ಎಲೆಹಸಿರು ಉರಿಯಿತು. 'ವಿದ್ಯಾರ್ಥಿಯು ದೀಪದ ಸಂಕೇತವನ್ನು ಪಾಲಿಸಲಿಲ್ಲ' ಎಂದು ವರದಿ ಬಂತು. ಅದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಓದಿ ಹೇಳಲು ಬೈರ ಕರೆದದ್ದು ಗನಿಯನ್ನೇ.

*

ಆ ವರದಿಯ ಮೇಲೆ ಬೈರ ಇಪ್ಪತ್ತಾರು ವರ್ಷ ಬದುಕಿದ್ದ. ಪೈಲಟ್ ಅಂಗಿಯಲ್ಲಿ ಕಿರಣನ ಒಂದು ಫೋಟೋ ಇತ್ತು. ಅದನ್ನು ಗೋಡೆಗೆ ಹಾಕಲು ಬಿಡಲಿಲ್ಲ. ಹೊನ್ನಿ ಟ್ರಂಕಿನಲ್ಲಿಟ್ಟಿದ್ದಳು. ಪ್ರತಿ ದೀಪಾವಳಿ ಗನಿ ಹೋಗುವನು, ರೇಡಿಯೋ ನೋಡುವನು, ಆಮೇಲಾಮೇಲೆ ಟೀವಿ, ಪಂಪಿನ ಸ್ವಿಚ್ಚು. ಊಟಕ್ಕೆ ಕೂತಾಗ ಬೈರ ಶುರು ಮಾಡುವನು. "ಮಂಕು ಗನಿಯಣ್ಣ, ನನ್ನ ಮಗ ಮಂಕು. ನೀ ಅಷ್ಟು ಹೊತ್ತು ದೀಪ ಹಿಡಿದಿದ್ಯಂತೆ. ಎಮ್ಮೆ ಸೈತ ದೀಪ ತೋರ್ಸಿದ್ರೆ ಕೊಟ್ಟಿಗೆಗೆ ಬತ್ತದೆ. ಇವಂಗೆ ಆಗ್ಲಿಲ್ಲ. ಗದ್ದೆ ಹೂಡು ಅಂದ್ರೆ ಆಕಾಶ ನೋಡ್ತಿದ್ದ, ಆಕಾಶಕ್ಕೆ ಹೋದ ಮೇಲೆ ಎಂತ ನೋಡ್ತಿದ್ನೋ!"

ಗನಿ ಅನ್ನ ಕಲಸುತ್ತ ಕೂರುವನು.

*

ಕಬ್ರಸ್ತಾನಕ್ಕೆ ತಾಗಿದ ಬಯಲಿನಲ್ಲಿ ಹೆಗಲಿನಿಂದ ಜನಾಜಾ ಇಳಿಸಿದರು. ಜನ ಸಾಲು ಸಾಲಾಗಿ ನಿಂತರು. ನಮಾಜಿಗೆ ನಿಲ್ಲದವರು ಹಿಂದೆ, ಹಲಸಿನ ಮರದ ನೆರಳಿನಲ್ಲಿ. ಅವರ ನಡುವೆ ಬೈರ ಟವೆಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಸಂಗಯ್ಯ ಅವನ ಪಕ್ಕವೇ ಕಾವಲಿನಂತೆ ನಿಂತಿದ್ದ.

ಮೈಕು ಇರಲಿಲ್ಲ. ಜಾವೇದ್ ಜನಾಜಾದ ಪಕ್ಕ ನಿಂತು ಗಂಟಲೆತ್ತಿ ಹೇಳಬೇಕಾಯಿತು.

"ನಮ್ಮ ಅಬ್ಬಾ ಯಾರಿಗಾದ್ರೂ ಮಾತಲ್ಲಿ, ಕೆಲಸದಲ್ಲಿ ನೋವು ಮಾಡಿದ್ರೆ, ದೇವರಿಗೋಸ್ಕರ ಮಾಫ್ ಮಾಡಿ."

"ಮಾಫ್, ಮಾಫ್," ಎಂದು ಸಾಲುಗಳು ಗುನುಗಿದವು.

ಹಿಂದಿನಿಂದ ಬೈರನ ದೊಡ್ಡ ಗದ್ದೆದನಿ ಬಂತು. "ಎಂತ ಮಾಫ್ ಮಾರಾಯ? ನಾವೇ ಅವ್ರಿಗೆ ಕೈಮುಗೀಬೇಕು. ನಮ್ಮದೆಲ್ಲ ಬಿಟ್ಟೆ, ಎಲ್ಲಾ ಬಿಟ್ಟೆ!"

ಸಂಗಯ್ಯ ಕಣ್ಣುಮುಚ್ಚಿ ಉಸಿರುಬಿಟ್ಟ. ಗುರುಗಳು ಮುಂದೆ ಬಂದು ನಿಂತು, ಕಿವಿಯತ್ತ ಕೈ ಎತ್ತುವವರಿದ್ದರು. ಸಿಕ್ಕಿತು. ಕೇಳಿದ್ದಾಯಿತು, ಕೊಟ್ಟದ್ದಾಯಿತು, ಊರೆಲ್ಲ ಸಾಕ್ಷಿ. ಜಾವೇದ್ ಮೊದಲ ಸಾಲಿನಲ್ಲಿ ತನ್ನ ಜಾಗಕ್ಕೆ ಬಂದು ನಿಂತ. ಕಿಸೆಯಲ್ಲಿ ಡಬ್ಬಿ ತೊಡೆಗೆ ಒತ್ತುತ್ತಿತ್ತು.

"ಒಂದು ನಿಮಿಷ ಹಜರತ್," ಎಂದ.

"ಜಾವೇದ್, ಸಫ್ ನಿಂತಾಗಿದೆ, ಸಾಲು ಬಿಡಬೇಡ."

"ಒಂದೇ ನಿಮಿಷ."

ಸಾಲುಗಳನ್ನು ಸರಿಸಿಕೊಂಡು ಅವನು ಹಿಂದಕ್ಕೆ ನಡೆದ. ಸಂಗಯ್ಯ ಅಡ್ಡ ಬಂದ. "ತಮ್ಮಾ, ಕೊಟ್ಟಾನಲ್ಲೋ! ಇನ್ನೇನು ಬೇಕು?" ಜಾವೇದ್ ಅವನ ಕೈಯನ್ನು ಮೆಲ್ಲಗೆ ಬಿಡಿಸಿ, ಬೈರನನ್ನು ಮರದ ಆಚೆ ಬದಿಗೆ ಕರೆದ. ಡಬ್ಬಿ ತೆರೆದು, ಬಿಲ್ಲೆಯನ್ನು ಬಿಡಿಸಿ, ಅವನ ಅಂಗೈಯ ಮೇಲಿಟ್ಟ.

"ಬೈರಣ್ಣ, ನೀವು ಬಿಟ್ಟೆ ಅಂದ್ರಲ್ಲ, ಅದು ಗೊತ್ತಿಲ್ಲದೆ ಅಂದದ್ದು. ಇದು ಆವತ್ತಿನ ದೀಪದ ಹಸಿರು. ಗಾಜು ಒಡೆದಿತ್ತು, ಅಬ್ಬಾ ನಾಟಕದ ಕಾಗದ ಹಾಕಿದ್ರು. ಅದು ಸುಟ್ಟಿತ್ತು. ಕಿರಣನಿಗೆ ಹಸಿರು ಕಾಣ್ಲೇ ಇಲ್ಲ. ಹಸಿರು ಕಾಣದೆ ಇಳೀಬೇಡ ಅಂತ ಅವನಿಗೆ ಹೇಳಿಕೊಟ್ಟಿದ್ದೂ ಅಬ್ಬಾನೇ. ಆಮೇಲೆ ಇದನ್ನ ತೆಗೆದು ಬೇರೆ ಹಾಕಿ, ದೀಪ ಸರಿ ಇತ್ತು ಅಂತ ಬರೆದುಕೊಟ್ರು. ಸಾಯೋ ಮುಂಚೆ ಹೇಳಿದ್ರು. ನಿಮ್ಮ ಹತ್ರ ಮಾಫಿ ಕೇಳು ಅಂದ್ರು."

ಬೈರ ಕಾಗದವನ್ನು ನೋಡಿದ. ಆಮೇಲೆ ಅದನ್ನು ಎರಡು ಬೆರಳಲ್ಲಿ ಎತ್ತಿ, ಒಂದು ಕಣ್ಣು ಮುಚ್ಚಿ, ತೂತಿನ ಮೂಲಕ ಆಕಾಶ ನೋಡಿದ. ಬಿಸಿಲಿಗೆ ಕಣ್ಣಲ್ಲಿ ನೀರು ಬಂತು. ಆದರೂ ಇಳಿಸಲಿಲ್ಲ.

"ಜಾವೇದ್!" ಎಂದು ಗುರುಗಳು ಕರೆದರು.

ಜಾವೇದ್ ಕಾದ. ಮತ್ತೆ ಕರೆ ಬಂತು. ಹೋಗಿ ಸಾಲಿನಲ್ಲಿ ನಿಂತ. ನಮಾಜಿನ ನಾಲ್ಕು 'ಅಲ್ಲಾಹು ಅಕ್ಬರ್' ತಕ್ಬೀರಿಗೂ ಅವನ ಬೆನ್ನು ಹಿಂದಿನ ಸದ್ದಿಗೆ ಕಾಯುತ್ತಿತ್ತು.

*

ಬೈರಣ್ಣ ಹೊರಟುಹೋಗಿರುತ್ತಾನೆ ಎಂದು ಜಾವೇದ್ ಅಂದುಕೊಂಡಿದ್ದ. ಮಯ್ಯತ್ತನ್ನು ಇಳಿಸಿ, ಹಲಗೆ ಮುಚ್ಚಿ, ಜನ ಒಬ್ಬೊಬ್ಬರಾಗಿ ಮೂರು ಮೂರು ಹಿಡಿ ಮಣ್ಣು ಹಾಕತೊಡಗಿದಾಗ ಬೈರ ಎದುರಿನಿಂದ ಬಂದ. ಕಾಗದ ಅಂಗಿಯ ಕಿಸೆಯಲ್ಲಿತ್ತು, ಹಸಿರು ಅಂಚು ಬಿಳಿ ಬಟ್ಟೆಯೊಳಗಿನಿಂದ ತೋರುತ್ತಿತ್ತು. ಜನ ಜಾಗ ಬಿಟ್ಟರು. ಗನಿಯ ಗೆಳೆಯ, ಮೊದಲಿನಿಂದ ಬರುವವನು.

ಬೈರ ಬಗ್ಗಿ ಒಂದು ಹಿಡಿ ಹಾಕಿದ. ಇನ್ನೊಂದು ಹಿಡಿ ಹಾಕಿದ. ಮೂರನೆಯದನ್ನು ಎತ್ತಿಕೊಂಡು ನಿಂತ.

"ಎಷ್ಟು ಸುತ್ತು ಹೊಡ್ದ?"

"ಒಂಬತ್ತು," ಎಂದ ಜಾವೇದ್. "ಅಬ್ಬಾ ಎಣಿಸಿದ್ರು."

"ಪ್ರತಿ ಸುತ್ತಿಗೂ ದೀಪ ನೋಡಿದ್ನ?"

"ಪ್ರತಿ ಸುತ್ತಿಗೂ. ರೆಕ್ಕೆ ಆಡಿಸ್ತಿದ್ದ."

"ಅಂದ್ರೆ ಮಂಕಲ್ಲ."

"ಅಲ್ಲ ಬೈರಣ್ಣ. ಎಲ್ಲಾ ಸರಿಯಾಗೇ ಮಾಡಿದ್ದ. ಕಲಿಸಿದ ಹಾಗೇ ಮಾಡಿದ್ದ."

ಬೈರ ಗುಂಡಿಯನ್ನೇ ನೋಡುತ್ತಿದ್ದ. ಅವನ ಹಿಂದೆ ಸರದಿಗೆ ನಿಂತವರು ಕಾಲು ಬದಲಿಸಿದರು.

"ಸತ್ತದ್ದಕ್ಕೆ ಬಿಡ್ತಿದ್ದೆ," ಎಂದ ಬೈರ. ಗದ್ದೆದನಿ ಈಗ ಎದುರಿನವನಿಗೆ ಮಾತ್ರ ಕೇಳುವಷ್ಟಿತ್ತು. "ಕೈತಪ್ಪು. ಯಾರಿಗೂ ಆಗ್ತದೆ. ಅದನ್ನ ಬಿಡ್ತಿದ್ದೆ ಮಾರಾಯ. ನನ್ನ ಮನೆ ಜಗಲಿ ಮೇಲೆ ಕೂತು, ನನ್ನ ಎದುರು ಉಂಡು, ಇಪ್ಪತ್ತಾರು ವರ್ಷ ನಾ ಅವನ್ನ ಬಯ್ಯೋದು ಕೇಳಿದ್ನಲ್ಲ. ಒಂದು ಸಲ, ಒಂದೇ ಒಂದು ಸಲ, ಬಯ್ಯಬೇಡ ಬೈರಣ್ಣ ಅನ್ಬಹುದಿತ್ತು."

ಬೈರ ತಿರುಗಿ ನಡೆದ. ಮುಷ್ಟಿ ಬಿಚ್ಚಲಿಲ್ಲ. ಗೇಟಿನ ಹೊರಗೆ ಆಟೋದಲ್ಲಿ ಹೊನ್ನಿ ಕಾಯುತ್ತಿದ್ದಳು. ಜಾವೇದ್ ತಡೆಯಲಾರದೆ ಗೇಟಿನವರೆಗೆ ಹಿಂಬಾಲಿಸಿದ.

"ಮುಗೀತಾ?" ಎಂದಳು ಹೊನ್ನಿ. ಆಮೇಲೆ ಗಂಡನ ಮುಖ ನೋಡಿ, "ಎಂತ ಆತು? ಕೈಲಿ ಎಂತದು?"

"ಮಣ್ಣು."

"ಹಾಕ್ಲಿಲ್ವ?"

"ಮನೆಗೆ ಹೋಗಿ ಆ ಫೋಟೋ ತೆಗಿ," ಎಂದ ಬೈರ. "ಮೊಳೆ ನಾ ಹೊಡೀತೆ."

ಹೊನ್ನಿ ಸರಿದು ಜಾಗ ಬಿಟ್ಟಳು. ಬೈರ ಹತ್ತಿ ಕೂತ. ಆಟೋ ಹುಲಗೋಳದ ರಸ್ತೆಯ ಕಡೆ ಹೊರಟಿತು. ತಿರುವಿನಲ್ಲಿ ಅದು ವಾಲಿದಾಗ ಬದಿಯಿಂದ ಬೈರನ ಕೈ ಹೊರಬಂದು ಎರಡು ಸಲ ಅತ್ತಿತ್ತ ಆಡಿತು. ರೆಕ್ಕೆ ಆಡಿಸಿದಂತೆ, ಕಂಡಿತು ಎಂದಂತೆ ಅನಿಸಿತು ಜಾವೇದನಿಗೆ. ತಾನೂ ಕೈ ಎತ್ತಿ ಬೀಸಿದ.

ಬೀಸುತ್ತಿದ್ದಂತೆ ಸರಿಯಾಗಿ ಕಂಡಿತು. ಗುಂಡಿಬಿದ್ದ ರಸ್ತೆಯ ಕುಲುಕಾಟಕ್ಕೆ ಆಡುತ್ತಿದ್ದ ಕೈ ಅದು. ಮುಷ್ಟಿ ಹಾಗೇ ಬಿಗಿದಿತ್ತು.